ಹುಟ್ಟುಹಬ್ಬದ ಪರಿಮಾಣ

ಒಂದು ಮಗು ಹುಟ್ಟಿದ ಕಾರಣಕ್ಕೆ ಹೆಸರು ಬದಲಾದ ಊರು ನಮ್ಮದು. ಅರಿಕುಠಾರವೆಂದು ಕರೆಯುತ್ತಿದ್ದ ಈ ಪಟ್ಟಣದಲ್ಲಿ 1774ರಲ್ಲಿ ಖಾಸಾ ಚಾಮರಾಜ ಒಡೆಯರು ಜನಿಸಿದರು. ತಮ್ಮ ತಂದೆ ಹುಟ್ಟಿದ ಸ್ಥಳವಿದು ಎಂದು ತಿಳಿದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಇದಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಜನನ ಮಂಟಪ ಇಂದಿಗೂ ಇದೆ. ಮೈಸೂರು ಸೀಮೆಯ ಹಿರಿಯರು ಅರಸರ ಹುಟ್ಟುಹಬ್ಬವನ್ನು ವರ್ಧಂತಿ ಎನ್ನುತ್ತಿದ್ದರು. ವರ್ಧಂತಿಯೆಂದರೆ ವೃದ್ಧಿಯ ದಿನ. ನಮ್ಮ ಇಪ್ಪತ್ತನಾಲ್ಕನೆಯ ತೀರ್ಥಂಕರರ ವರ್ಧಮಾನ ಎಂಬ ಹೆಸರಿನಲ್ಲಿರುವುದೂ ಅದೇ ಧಾತು.

ಹುಟ್ಟುಹಬ್ಬದ ದಿನ ನಮ್ಮ ಮನೆಗಳಲ್ಲಿ ವೃದ್ಧಿಯಾಗುವುದು ಯಾವುದು? ಧರ್ಮದ ಅಂಕಣದಲ್ಲಿ ಕೇಕು, ಬಲೂನುಗಳ ವಿಚಾರವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಳೆದ ತಿಂಗಳು ಈ ಪ್ರಶ್ನೆ ನನ್ನ ಮನೆಯ ಜಗುಲಿಯ ಮೇಲೆಯೇ ಬಂದು ಕುಳಿತುದರಿಂದ ಬರೆಯುತ್ತಿದ್ದೇನೆ.

ಮೊಮ್ಮಗನಿಗೆ ಏಳು ವರ್ಷ ತುಂಬುವುದಿತ್ತು. ಒಂದು ರಾತ್ರಿ ಮಗ ಒಂದು ಹಾಳೆಯನ್ನು ತಂದು ನನ್ನ ಮುಂದಿಟ್ಟ. ಮಿನಿ ಹಾಲಿನ ಬಾಡಿಗೆ 8,000 ರೂಪಾಯಿ, ಬಲೂನಿನ ಕಮಾನು ಮತ್ತು ವೇದಿಕೆಯ ಅಲಂಕಾರಕ್ಕೆ 6,000, ಎರಡು ಕಿಲೋ ಕೇಕಿಗೆ 1,600, ಎಂಬತ್ತು ಜನರ ರಾತ್ರಿಯೂಟಕ್ಕೆ ತಲಾ 180ರಂತೆ 14,400, ಬಂದ ಮಕ್ಕಳಿಗೆ ಕೊಡುವ ರಿಟರ್ನ್ ಗಿಫ್ಟಿಗೆ 4,000, ಫೋಟೊ-ವಿಡಿಯೊಗೆ 5,000. ಒಟ್ಟು 39,000. ಮೇಷ್ಟರ ಅಭ್ಯಾಸ ಹೋಗುವುದಿಲ್ಲ. ಎರಡು ಸಲ ಕೂಡಿ ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು. ಅದು ಅವನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು ಎಂಬುದು ನನಗೆ ಗೊತ್ತಿತ್ತು. ಕೊರತೆ ಬಿದ್ದ ಹಣಕ್ಕೆ ಸೊಸೆಯ ಎರಡು ಬಳೆಗಳನ್ನು ಅಡವಿಡುವ ಮಾತು ನಡೆದಿದೆಯೆಂಬುದು ಮರುದಿನ ತಿಳಿಯಿತು.

ನಾನು ಸಿಟ್ಟು ಮಾಡಿಕೊಳ್ಳಲಿಲ್ಲ. ಇದೇ ಮಗನ ಮದುವೆಗೆ ನಾನು ಮಾಡಿದ ಸಾಲ ತೀರಿಸುವುದಕ್ಕೆ ನನ್ನ ನಿವೃತ್ತಿಯ ಹಣದ ಒಂದು ಪಾಲು ಹೋಗಿದೆ. ಆಗ ಯಾವ ವ್ರತವೂ ನನ್ನ ಕೈ ಹಿಡಿದು ನಿಲ್ಲಿಸಿರಲಿಲ್ಲ. ಆದುದರಿಂದ ಉಪದೇಶವನ್ನು ಬದಿಗಿಟ್ಟು, ಆ ಹಾಳೆಯನ್ನೇ ಕೈಗೆತ್ತಿಕೊಂಡೆ. ಮೊಮ್ಮಗನನ್ನು ಹತ್ತಿರ ಕರೆದು, "ಕಂದಾ, ಇದರಲ್ಲಿ ನಿನಗೆ ಬೇಕೇಬೇಕು ಅನ್ನುವುದು ಯಾವುದು?" ಎಂದು ಕೇಳಿದೆ. ಅವನು ಯೋಚಿಸಿ, ಕೇಕು ಬೇಕು, ಸ್ನೇಹಿತರು ಬರಬೇಕು, ಅವರಿಗೆ ಏನಾದರೂ ಕೊಡಬೇಕು ಎಂದ. ಕೇಕಿಗೂ ಉಡುಗೊರೆಗೂ ಸೇರಿ 5,600 ರೂಪಾಯಿ. ಉಳಿದ 33,400 ಅವನಿಗಾಗಿ ಬರೆದುದಾಗಿರಲಿಲ್ಲ. ಅದು ದೊಡ್ಡವರು ದೊಡ್ಡವರಿಗೆ ತೋರಿಸಿಕೊಳ್ಳುವ ಖರ್ಚು. ಮಗುವಿನ ಹೆಸರಿನಲ್ಲಿ ಬರೆದದ್ದು ಅಷ್ಟೆ.

ಶ್ರಾವಕರಿಗೆ ಹೇಳಿದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದ ಅಳೆಯುವುದಿಲ್ಲ. ವಸ್ತುವಿನ ಮೇಲಿನ ಮೂರ್ಛೆ, ಅಂದರೆ ಮೈಮರೆಸುವ ಮಮಕಾರವೇ ಪರಿಗ್ರಹ ಎನ್ನುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಇದೇ ವ್ರತಕ್ಕೆ ಇಚ್ಛಾಪರಿಮಾಣ ಎಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ನನಗೆ ಈ ಎರಡನೆಯ ಹೆಸರು ಹೆಚ್ಚು ಇಷ್ಟ. ಅಳೆಯಬೇಕಾದುದು ಹಣದ ಚೀಲವನ್ನಲ್ಲ, ಬಯಕೆಯನ್ನು ಎಂದು ಆ ಹೆಸರೇ ಹೇಳುತ್ತದೆ. ಅಳತೆಯನ್ನು ಯಾವಾಗ ಹಾಕಬೇಕು ಎಂಬುದೂ ಅದರಲ್ಲಿ ಅಡಗಿದೆ. ಕಾಲುವೆಗೆ ತೂಬು ಇಡುವುದು ನೀರು ಬಿಡುವ ಮೊದಲು. ನಾವು ಮಾಡುವುದು ತಿರುಗುಮುರುಗು: ಮೊದಲು ಬೇಕಾದುದನ್ನೆಲ್ಲ ಬರೆದು, ಮೊತ್ತ ನೋಡಿ ಬೆಚ್ಚಿ, ಆಮೇಲೆ ಒಂದೊಂದನ್ನೇ ನೋವಿನಿಂದ ಹೊಡೆದುಹಾಕುತ್ತೇವೆ. ಹೀಗೆ ಕಡಿಮೆ ಮಾಡಿದ ಹಬ್ಬದಲ್ಲಿ ಕಳೆದುಕೊಂಡದ್ದರ ಕೊರಗು ಉಳಿದೇ ಇರುತ್ತದೆ. ಮೊದಲೇ ಮಿತಿಯನ್ನು ಹಾಕಿಕೊಂಡು, ಆ ಮಿತಿಯೊಳಗೆ ಪಟ್ಟಿಯನ್ನು ಬೆಳೆಸಿದರೆ ಒಂದೊಂದು ಸೇರ್ಪಡೆಯೂ ಸಂತೋಷವೇ. ಬಡತನದ ಉಳಿತಾಯಕ್ಕೂ ವ್ರತದ ಮಿತಿಗೂ ಇರುವ ಅಂತರ ಇಷ್ಟೇ, ಮತ್ತು ಇದು ಸಣ್ಣ ಅಂತರವೇನಲ್ಲ.

ಆದರೆ ಈ ವಿಚಾರದಲ್ಲಿ ನನ್ನ ಮನಸ್ಸನ್ನು ನಿಜವಾಗಿ ಕಲಕಿದ್ದು ಗ್ರಂಥವಲ್ಲ, ಹಾಜರಿ ಪುಸ್ತಕ.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ತರಗತಿ ಶಿಕ್ಷಕನಾಗಿದ್ದೆ. ಹುಟ್ಟುಹಬ್ಬದ ಮಗು ಅಂದು ಸಮವಸ್ತ್ರ ಬಿಟ್ಟು ಬಣ್ಣದ ಬಟ್ಟೆ ತೊಟ್ಟು ಬರುತ್ತಿತ್ತು. ನಾನು ಅದನ್ನು ಮುಂದಕ್ಕೆ ಕರೆದು ನಿಲ್ಲಿಸುತ್ತಿದ್ದೆ, ತರಗತಿ ಚಪ್ಪಾಳೆ ತಟ್ಟುತ್ತಿತ್ತು, ಮಗು ಎಲ್ಲರಿಗೂ ಒಂದೊಂದು ಚಾಕೊಲೇಟ್ ಹಂಚಿ ಮೇಷ್ಟರಿಗೆ ಎರಡು ಕೊಡುತ್ತಿತ್ತು. ಈ ಪದ್ಧತಿಯನ್ನು ಆ ಶಾಲೆಯಲ್ಲಿ ಆರಂಭಿಸಿದವನೇ ನಾನು. ಮಕ್ಕಳ ಆತ್ಮವಿಶ್ವಾಸ ಬೆಳೆಸುವ ಉಪಾಯವೆಂದು ಬಿ.ಎಡ್. ಓದಿದ ಹುಮ್ಮಸ್ಸಿನಲ್ಲಿ ನಂಬಿದ್ದೆ. ನಮ್ಮ ಕಡೆಯ ದಾಖಲಾತಿ ಪುಸ್ತಕಗಳನ್ನು ನೋಡಿದವರಿಗೆ ಗೊತ್ತು, ಹಳೆಯ ಪುಟಗಳಲ್ಲಿ ಬಹುಪಾಲು ಮಕ್ಕಳು ಹುಟ್ಟಿರುವುದು ಜೂನ್ 1ರಂದು. ತಂದೆತಾಯಿಗೆ ತಾರೀಖು ನೆನಪಿಲ್ಲದಿದ್ದಾಗ ಶಾಲೆಗೆ ಸೇರುವ ವಯಸ್ಸಿಗೆ ಸರಿಹೊಂದುವಂತೆ ಮುಖ್ಯೋಪಾಧ್ಯಾಯರೇ ಬರೆದುಕೊಂಡ ದಿನ ಅದು. ನನ್ನ ಹುಟ್ಟುಹಬ್ಬವೂ ಅದೇ ದಿನ! ಆದರೆ ಆ ತರಗತಿಯ ಒಬ್ಬ ಹುಡುಗನಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ನಿಜವಾದ ತಾರೀಖು ಇತ್ತು, ಆಗಸ್ಟ್ ತಿಂಗಳಲ್ಲಿ. ಹತ್ತನೆಯ ತರಗತಿಯ ಪರೀಕ್ಷೆಯ ಅರ್ಜಿಗಳಿಗಾಗಿ ದಾಖಲಾತಿ ಪುಸ್ತಕವನ್ನೂ ಹಾಜರಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ವರ್ಷವಿಡೀ ತಪ್ಪದೆ ಬರುವ ಆ ಹುಡುಗ ಮೂರು ವರ್ಷವೂ ತನ್ನ ಹುಟ್ಟಿದ ದಿನದಂದು ಗೈರುಹಾಜರು.

ಅವನ ತಾಯಿ ಚೆಂಡುಹೂವಿನ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದವರು. ಕೇಳಿದಾಗ, "ಅವತ್ತು ಹೊಟ್ಟೆನೋವು ಅಂತ ಮಲಗಿಬಿಡ್ತಾನೆ ಮೇಷ್ಟ್ರೇ, ನಾನೂ ಬಲವಂತ ಮಾಡೋಕೋಗಲ್ಲ" ಎಂದರು. ಹುಡುಗನನ್ನು ಒಂಟಿಯಾಗಿ ಕೇಳಿದೆ. ತಲೆ ತಗ್ಗಿಸಿ, "ಎಲ್ಲಾರೂ ಚಾಕ್ಲೇಟ್ ಎಲ್ಲಿ ಅಂತ ಕೇಳ್ತಾರೆ ಸಾರ್" ಎಂದ. ಐವತ್ತು ಮಕ್ಕಳ ತರಗತಿ. ಅಂದಿನ ಲೆಕ್ಕದಲ್ಲಿ ಐವತ್ತು ರೂಪಾಯಿಯ ಚಾಕೊಲೇಟು ಅವನ ತಾಯಿಯ ಒಂದು ದಿನದ ಕೂಲಿಗೆ ಸಮೀಪವಿತ್ತು.

ನಾನು ಯಾರಿಗೂ ಒಂದು ಏಟು ಹೊಡೆದಿರಲಿಲ್ಲ, ಒಂದು ಕಟುಮಾತೂ ಆಡಿರಲಿಲ್ಲ. ಇರುವೆಯನ್ನು ತುಳಿಯದಂತೆ ನೋಡಿ ನಡೆಯುವ ಮನೆತನದಲ್ಲಿ ಬೆಳೆದವನು ನಾನು. ಆದರೂ ಒಂದು ಮಗು ತಾನು ಹುಟ್ಟಿದ ದಿನವನ್ನೇ ಬಚ್ಚಿಡುವಂತೆ ಮೂರು ವರ್ಷ ನಡೆದುಕೊಂಡಿದ್ದೆ. ಪರಿಗ್ರಹದ ಪ್ರದರ್ಶನ ಹಿಂಸೆಯಾಗುವುದು ಹೇಗೆಂದು ಅಂದು ನನಗೆ ಅರ್ಥವಾಯಿತು. ಮರುವಾರದಿಂದ ಬಣ್ಣದ ಬಟ್ಟೆಯನ್ನೂ ಚಾಕೊಲೇಟನ್ನೂ ನಿಲ್ಲಿಸಿ, ತಿಂಗಳ ಕೊನೆಯ ಶನಿವಾರ ಆ ತಿಂಗಳಲ್ಲಿ ಹುಟ್ಟಿದವರೆಲ್ಲರ ಹೆಸರನ್ನು ಒಟ್ಟಿಗೆ ಓದಿ, ನನ್ನ ಖರ್ಚಿನಲ್ಲಿ ಕಡ್ಲೆಪುರಿ-ಬೆಲ್ಲ ಹಂಚುವ ಏರ್ಪಾಡು ಮಾಡಿಕೊಂಡೆ. ಆ ಹುಡುಗನ ಮೂರು ಆಗಸ್ಟುಗಳು ಮಾತ್ರ ಹಿಂದಕ್ಕೆ ಬರಲಿಲ್ಲ.

ಇದನ್ನು ಮಗ-ಸೊಸೆಯ ಮುಂದೆ ಹೇಳಿದಾಗ ಸೊಸೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಾವ, ನೀವು ಹೇಳೋದು ಸರಿ. ಆದರೆ ಕರೆದವರ ಮನೆಗೆಲ್ಲ ಹೋಗಿ ಉಂಡು ಬಂದಿದ್ದೇವೆ. ನಮ್ಮ ಸರದಿ ಬಂದಾಗ ಬಾಗಿಲು ಹಾಕಿಕೊಂಡರೆ ಹೇಗೆ?" ಎಂದಳು. ನಮ್ಮ ಸೀಮೆಯಲ್ಲಿ ಮುಯ್ಯಿಗೆ ಮುಯ್ಯಿ ಮಾಡುವುದು ಬರಿಯ ಆಡಂಬರವಲ್ಲ. ಅದು ಬಾಂಧವ್ಯದ ಲೆಕ್ಕ. ಇನ್ನೊಂದು ಮಾತನ್ನೂ ಅವಳು ಹೇಳಿದಳು: ತವರಿನಲ್ಲಿ ಐವರು ಮಕ್ಕಳಲ್ಲಿ ನಾಲ್ಕನೆಯವಳಾದ ಅವಳ ಹುಟ್ಟುಹಬ್ಬವನ್ನು ಯಾರೂ ಒಮ್ಮೆಯೂ ನೆನಪಿಸಿಕೊಂಡಿರಲಿಲ್ಲವಂತೆ. ಅನೇಕಾಂತದ ಕುರಿತು ಎಷ್ಟೋ ಉಪನ್ಯಾಸ ಮಾಡಿದ್ದೇನೆ. ಸೊಸೆಯ ಮಾತನ್ನು ಪೂರ್ತಿ ಕೇಳಿಸಿಕೊಂಡದ್ದು ಅಂದೇ. ಜಿಪುಣತನವೂ ಲೋಭದ ಇನ್ನೊಂದು ಮುಖ. ಮಗುವಿನ ಸಂಭ್ರಮವನ್ನು ಕಿತ್ತುಕೊಂಡು ಉಳಿಸಿದ ಹಣ ಅಪರಿಗ್ರಹವಾಗಲಾರದು.

ಹಾಗಾಗಿ ಹೊಸ ಹಾಳೆ ತೆಗೆದುಕೊಂಡೆವು. ಮೇಲ್ಗಡೆ ಮೊದಲು 5,000 ಎಂದು ಬರೆದೆವು. ಸಾಲವಿಲ್ಲದೆ, ಮುಂದಿನ ತಿಂಗಳ ಯಾವ ಖರ್ಚನ್ನೂ ತಳ್ಳದೆ ಮಗ ಕೊಡಬಹುದಾಗಿದ್ದ ಮೊತ್ತ ಅದು. ಬೆಳಿಗ್ಗೆ ಬಸದಿಯಲ್ಲಿ ಅವನ ಹೆಸರಿನಲ್ಲಿ ಅಭಿಷೇಕಕ್ಕೆ 300. ಸೊಸೆಯೇ ಕುಕ್ಕರಿನಲ್ಲಿ ಮಾಡಿದ ರವೆ ಕೇಕಿಗೆ 250. ಇಪ್ಪತ್ತನಾಲ್ಕು ಮಕ್ಕಳು ಮತ್ತು ಹತ್ತು ಮಂದಿ ಹಿರಿಯರಿಗೆ ನಿಂಬೆಹಣ್ಣಿನ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಶ್ಯಾವಿಗೆ ಪಾಯಸ, ಬಾಳೆಹಣ್ಣು, ಮಜ್ಜಿಗೆ, ಎಲ್ಲ ಸೇರಿ 1,700. ಮಕ್ಕಳಿಗೆ ತಲಾ 25 ರೂಪಾಯಿಯ ನೋಟ್ ಪುಸ್ತಕ, 600. ಇನ್ನೊಂದು 2,000ದ ವಿಷಯ ಮುಂದೆ ಹೇಳುತ್ತೇನೆ. ಕೂಡಿದರೆ 4,850.

ಸಮಯವನ್ನು ಸಂಜೆ ನಾಲ್ಕೂವರೆಗೆ ಇಟ್ಟುಕೊಂಡೆವು. ರಾತ್ರಿಭೋಜನ ತ್ಯಾಗದ ಪ್ರಯೋಜನವನ್ನು ನಾವು ಸಾಮಾನ್ಯವಾಗಿ ಜೀವದಯೆ, ಆರೋಗ್ಯಗಳ ಕಡೆಯಿಂದ ಹೇಳುತ್ತೇವೆ. ಆದರೆ ಗೃಹಸ್ಥನ ಜೇಬಿಗೂ ಅದು ಎಷ್ಟು ದೊಡ್ಡ ಕಾವಲು ಎಂದು ನನಗೆ ಹೊಳೆದದ್ದು ಈ ಸಲವೇ. ನಮ್ಮ ಭಾಗದಲ್ಲಿ ಋತುವಿಗೆ ತಕ್ಕಂತೆ ಐದೂಮುಕ್ಕಾಲಿನಿಂದ ಏಳರೊಳಗೆ ಸೂರ್ಯ ಮುಳುಗುತ್ತಾನೆ. ಅಷ್ಟರೊಳಗೆ ಎಲ್ಲ ಮುಗಿಯಬೇಕೆಂದು ನಿಶ್ಚಯಿಸಿದರೆ ಪೂರ್ಣ ಭೋಜನದ ಪ್ರಶ್ನೆಯೇ ಬರುವುದಿಲ್ಲ, ದೀಪಾಲಂಕಾರ ಬೇಡ, ಹಾಲ್ ಬೇಡ, ಮಕ್ಕಳು ಬೆಳಕಿರುವಾಗಲೇ ಮನೆ ಸೇರುತ್ತಾರೆ. ಆ ಮೊದಲ ಹಾಳೆಯ ಅತಿ ದೊಡ್ಡ ಬಾಬ್ತು ರಾತ್ರಿಯೂಟವೇ ಆಗಿತ್ತೆಂಬುದನ್ನು ನೆನಪಿಸಿಕೊಳ್ಳಿ.

ಆಟಗಳಿಗೆ ಕಾಸಿನ ಖರ್ಚಿಲ್ಲ. ನನ್ನ ಶ್ರೀಮತಿ ಅಟ್ಟದಿಂದ ಅಳಿಗುಳಿಮಣೆಯನ್ನು ಇಳಿಸಿದಳು. ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಸೀಮೆಸುಣ್ಣದಲ್ಲಿ ಬರೆದವನು ನಾನು. ಗೆರೆ ಇನ್ನೂ ನೇರವಾಗಿ ಬರುತ್ತದೆ.

ಕೇಕಿನ ವಿಷಯದಲ್ಲಿ ಎರಡು ಮಾತು. ಮೇಣದಬತ್ತಿ ಆರಿಸುವುದು ಸರಿಯೋ ತಪ್ಪೋ ಎಂದು ಬಹಳ ಚರ್ಚೆ ನಡೆಯುತ್ತದೆ. ನಮ್ಮಲ್ಲಿ ಹಣತೆ ಹಚ್ಚಿದೆವು, ಆರಿಸಲಿಲ್ಲ, ಯಾರಿಗೂ ಕೊರತೆ ಅನ್ನಿಸಲಿಲ್ಲ. ಅದಕ್ಕಿಂತ ಗಂಭೀರವಾದುದು ಕೇಕಿನ ಒಳಗಿರುವುದು. ಬಹಳಷ್ಟು ಕೇಕುಗಳಲ್ಲಿ ಮೊಟ್ಟೆ ಇರುತ್ತದೆ. ಕೆಲವು ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಗಳ ಚರ್ಮ-ಮೂಳೆಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡುವುದನ್ನು ಮಗುವಿಗೇ ಕಲಿಸಿರಿ. ನಮಗಿಂತ ಅದರ ಕಣ್ಣು ಚುರುಕು. ಇನ್ನು ನೊರೆ ಚಿಮ್ಮುವ ಸ್ಪ್ರೇ, ಪಟ್ಟೆಂದು ಸಿಡಿದು ಹೊಳಪಿನ ಚೂರುಗಳನ್ನು ಚೆಲ್ಲುವ ಕೊಳವೆ, ಒಂದು ಗಂಟೆಗೆಂದು ನಿಲ್ಲಿಸಿ ಆಮೇಲೆ ಚರಂಡಿಗೆ ಸೇರುವ ಥರ್ಮೊಕೋಲ್ ಅಕ್ಷರಗಳು. ಶ್ರಾವಕಾಚಾರಗಳು ಅನರ್ಥದಂಡವೆಂದು ಬಿಡಿಸಿ ಹೇಳಿದ ದೋಷಗಳಲ್ಲಿ ಪ್ರಮಾದಚರ್ಯೆ ಎಂಬುದೊಂದಿದೆ. ಯಾವ ಪ್ರಯೋಜನವೂ ಇಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕೀಳುವುದು ಅದರಲ್ಲಿ ಬರುತ್ತವೆ. ಆಚಾರ್ಯರು ಥರ್ಮೊಕೋಲನ್ನು ಕಂಡಿರಲಿಲ್ಲ, ಆದರೆ ಅದನ್ನು ಯಾವ ಸಾಲಿನಲ್ಲಿ ಬರೆಯಬೇಕೆಂದು ನಮಗೆ ಹೇಳಿಕೊಟ್ಟು ಹೋಗಿದ್ದಾರೆ. ನಮ್ಮ ಬಾಗಿಲಿಗೆ ಮಾವಿನೆಲೆಯ ತೋರಣ ಕಟ್ಟಿದ್ದೆವು.

ಈಗ ಆ 2,000ದ ವಿಷಯ. ತೀರ್ಥಂಕರರ ಜನ್ಮಕಲ್ಯಾಣವೆಂದೊಡನೆ ನಮಗೆ ಐರಾವತ, ಮೇರುಪರ್ವತ, ಕ್ಷೀರಸಾಗರದ ಜಲದಿಂದ ಇಂದ್ರನು ಮಾಡಿದ ಅಭಿಷೇಕ ನೆನಪಾಗುತ್ತವೆ. ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದಲ್ಲಿ ಇನ್ನೊಂದು ವಿವರವೂ ಇದೆ. ವರ್ಧಮಾನರು ಹುಟ್ಟಿದಾಗ ಸಿದ್ಧಾರ್ಥ ಮಹಾರಾಜನು ಸೆರೆಯಾಳುಗಳನ್ನು ಬಿಡಿಸಿದ, ಸುಂಕಗಳನ್ನು ತೆಗೆದ, ಅಂಗಡಿಗಳ ಅಳತೆ-ತೂಕಗಳನ್ನು ಹಿಗ್ಗಿಸಲು ಹೇಳಿದ ಎಂಬುದು. ಅಂದರೆ ಅರಮನೆಯಲ್ಲಿ ಮಗು ಹುಟ್ಟಿದ ದಿನ ಬೀದಿಯಲ್ಲಿ ಬಡವನ ಸೇರು ದೊಡ್ಡದಾಯಿತು. ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಊರಿನ ಪಾರ್ಶ್ವನಾಥ ಬಸದಿಯನ್ನು 1117ರಲ್ಲಿ ಕಟ್ಟಿಸಿದ ಪುಣಿಸ ದಂಡನಾಯಕ ಹೊಯ್ಸಳ ವಿಷ್ಣುವರ್ಧನನ ಸೇನಾನಿ. ಅವನನ್ನು ಹೊಗಳುವ ಇಲ್ಲಿಯ ಶಾಸನ ಅವನು ಗೆದ್ದ ಯುದ್ಧಗಳ ಜೊತೆಗೆ, ನಷ್ಟಕ್ಕೆ ಸಿಕ್ಕಿದ ವ್ಯಾಪಾರಿಗೂ ಬಿತ್ತಲು ಬೀಜವಿಲ್ಲದ ರೈತನಿಗೂ ಅವರು ಕಳೆದುಕೊಂಡದ್ದನ್ನು ಕೊಟ್ಟು ಸಲಹಿದನೆಂಬುದನ್ನೂ ಸ್ಮರಿಸುತ್ತದೆ. ಒಂಬೈನೂರು ವರ್ಷಗಳ ಬಳಿಕವೂ ಓದಲು ಸಿಗುವ ಖರ್ಚು ಅದು.

ನಾವು ದಂಡನಾಯಕರಲ್ಲ. ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ಸಂಬಂಧಿಸಿದ ಪಿಎಂ ಪೋಷಣ್ ಯೋಜನೆಯಲ್ಲಿ ತಿಥಿ ಭೋಜನ ಎಂಬ ಅವಕಾಶವಿದೆ. ಹುಟ್ಟುಹಬ್ಬದಂಥ ದಿನಗಳಲ್ಲಿ ಸಾರ್ವಜನಿಕರು ಮಕ್ಕಳ ಊಟಕ್ಕೆ ಸಿಹಿಯನ್ನೋ ಹಣ್ಣನ್ನೋ ಇಡೀ ಊಟವನ್ನೋ ಸೇರಿಸಬಹುದು. ನಮ್ಮ ಬೀದಿಯ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕಿಯನ್ನು ಕಂಡು, ಅಲ್ಲಿಯ ಅರವತ್ತೆರಡು ಮಕ್ಕಳಿಗೆ ತುಪ್ಪದ ಕೇಸರಿಬಾತು ಮಾಡಿಸುವ ವ್ಯವಸ್ಥೆ ಮಾಡಿದೆವು. ಒಂದೇ ಒಂದು ಷರತ್ತು ಹಾಕಿದ್ದೆ: ಮೊಮ್ಮಗನ ಹೆಸರು ಹೇಳಬಾರದು, ವೇದಿಕೆ ಹತ್ತಿಸಬಾರದು, ಫೋಟೊ ತೆಗೆಯಬಾರದು. ಆಗಸ್ಟಿನ ಆ ಹುಡುಗ ನನ್ನ ಕಣ್ಣ ಮುಂದೆ ಇದ್ದ. ಮೊಮ್ಮಗ ತಟ್ಟೆ ಹಿಡಿದು ಉಳಿದವರ ಸಾಲಿನಲ್ಲೇ ಕುಳಿತು ಉಂಡ. ಪಕ್ಕದ ಹುಡುಗಿ, "ಇವತ್ತು ಯಾಕೆ ಸಿಹಿ?" ಎಂದು ಅವನನ್ನೇ ಕೇಳಿದಳಂತೆ. ಇವನು ಗೊತ್ತಿಲ್ಲ ಎಂದನಂತೆ. ಸತ್ಯಾಣುವ್ರತಕ್ಕೆ ಸ್ವಲ್ಪ ಚ್ಯುತಿ ಬಂದಿತೆಂದು ಅವನ ಅಜ್ಜಿ ನಕ್ಕಳು.

ಇದು ಒಂದು ಮನೆಯಿಂದ ಆಗುವ ಕೆಲಸವಲ್ಲ ಎಂಬುದು ನನಗೆ ತಿಳಿದಿದೆ. ಉಳಿದವರೆಲ್ಲ ಮಾಡುವಾಗ ಒಬ್ಬರೇ ನಿಲ್ಲುವುದು ಕಷ್ಟ. ಅದರ ಭಾರ ಬೀಳುವುದು ಮಗುವಿನ ಮೇಲೆ. ಆದುದರಿಂದ ಚಾಮರಾಜನಗರ, ಗುಂಡ್ಲುಪೇಟೆಗಳ ನಮ್ಮ ಸಮಾಜದ ಹಿರಿಯರಲ್ಲಿ ಒಂದು ವಿನಂತಿ. ಬಸದಿಗೋ ಸಮಾಜಕ್ಕೋ ಸೇರಿದ ಒಂದು ಕೊಠಡಿ, ಒಂದಿಷ್ಟು ಸ್ಟೀಲ್ ತಟ್ಟೆ-ಲೋಟ, ನಾಲ್ಕು ಜಮಖಾನೆ ಇದ್ದರೆ ಸಾಕು. ತಿಂಗಳಿಗೆ ಒಂದು ಭಾನುವಾರ, ಸಂಜೆ ನಾಲ್ಕರಿಂದ ಆರರವರೆಗೆ, ಆ ತಿಂಗಳಲ್ಲಿ ಹುಟ್ಟಿದ ಮಕ್ಕಳೆಲ್ಲರ ಹಬ್ಬವನ್ನು ಒಟ್ಟಿಗೆ ಮಾಡಬಹುದು. ಒಂದು ಮನೆಯವರು ಪಾಯಸ ತರಲಿ, ಇನ್ನೊಂದು ಮನೆಯವರು ಚಿತ್ರಾನ್ನ. ಯಾರು ಎಷ್ಟು ತಂದರೆಂದು ಹಲಗೆಯ ಮೇಲೆ ಬರೆಯುವುದು ಬೇಡ. ತಾಯಂದಿರ ವಾಟ್ಸ್ಆ್ಯಪ್ ಗುಂಪಿನಲ್ಲಿ ರಿಟರ್ನ್ ಗಿಫ್ಟ್ ಇಷ್ಟು ರೂಪಾಯಿ ಮೀರಬಾರದೆಂದು ಒಮ್ಮೆ ಒಪ್ಪಿಕೊಂಡರೆ ಎಷ್ಟೋ ಮನೆಗಳ ಎದೆಭಾರ ಇಳಿಯುತ್ತದೆ. ಇದನ್ನು ಮೊದಲು ಹೇಳುವ ಧೈರ್ಯ ಮಾಡಬೇಕಾದವರು ಅನುಕೂಲವಂತರು. ಇಲ್ಲದವರು ಹೇಳಿದರೆ ಅದು ಬಡತನದ ಮಾತಾಗಿ ಕೇಳಿಸುತ್ತದೆ. ಹೊರಗೆ ಹೋಗಲೇಬೇಕೆನ್ನುವವರಿಗೆ ಮಲೆಯೂರಿನ ಕನಕಗಿರಿ ಇದೆ. ಪೂಜ್ಯಪಾದರ ತಪೋಭೂಮಿಯೆಂದು ಪರಂಪರೆ ಹೇಳುವ ಆ ಬೆಟ್ಟವನ್ನು ಬುತ್ತಿ ಕಟ್ಟಿಕೊಂಡು ಹತ್ತಿ ಇಳಿಯುವಷ್ಟರಲ್ಲಿ ಯಾವ ಮಗುವಿಗೂ ಹಾಲಿನ ನೆನಪಾಗದು.

ಹಬ್ಬದ ಸಂಜೆ ಪಾಯಸ ಬಡಿಸುತ್ತಿದ್ದ ಸೊಸೆಯ ಕೈಯಲ್ಲಿ ಬಳೆಗಳು ಇದ್ದವು. ಮಕ್ಕಳೆಲ್ಲ ಹೊರಟ ಮೇಲೆ ಮೊಮ್ಮಗ ಹಾಳೆಯನ್ನು ತಂದು, 5,000ದಿಂದ 4,850 ಕಳೆದು, "ಇನ್ನೂ ನೂರೈವತ್ತು ಇದೆ ತಾತ" ಎಂದ. ಅದು ಯಾರದೆಂದು ಕೇಳಿದ. ನಿನ್ನದೇ ಎಂದೆ. ತಕ್ಷಣ ಓಡಿ ಹೋಗಿ ನಲವತ್ತು ರೂಪಾಯಿಗೆ ಒಂದು ಪೊಟ್ಟಣ ಬಲೂನು ತಂದ. ಪ್ರಮಾದಚರ್ಯೆಯ ಪಾಠವನ್ನು ಆ ಹೊತ್ತಿಗೆ ನಾನೂ ಎತ್ತಲಿಲ್ಲ. ಎರಡನ್ನು ಊದಿಕೊಟ್ಟವನೂ ನಾನೇ. ಉಳಿದ 110ನ್ನು ಡಬ್ಬಿಗೆ ಹಾಕಿ, "ಹಾಗಾದರೆ ಮುಂದಿನ ವರ್ಷ 5,110 ಅಲ್ಲವಾ?" ಎಂದ. ಇಚ್ಛಾಪರಿಮಾಣದಲ್ಲಿ ಉಳಿಕೆಯನ್ನು ಮುಂದಿನ ವರ್ಷಕ್ಕೆ ಒಯ್ಯಬಹುದೇ ಎಂದು ನನಗೆ ಉತ್ತರ ಹೊಳೆದಿಲ್ಲ. ಮುಂದಿನ ಸಲ ಕನಕಗಿರಿಗೆ ಹೋದಾಗ ತ್ಯಾಗಿಗಳು ಯಾರಾದರೂ ಇದ್ದರೆ ಕೇಳಬೇಕೆಂದಿದ್ದೇನೆ.